ಸಂಪಾದಕರ ಉತ್ತರ: ಕಣ್ಣಿಗೆ ಬೀಳದ ಗೊಂಚಲು

ಪ್ರಿಯ ಸಹೋದರಿಯವರಿಗೆ, ಕರ್ತನಲ್ಲಿ ವಂದನೆಗಳು.

ವಿಜಯಪುರದ ಕಡೆಯಿಂದ ನೀವು ಬರೆದ ಪತ್ರ ತಲುಪಿದೆ. ನಿಮ್ಮ ಇಚ್ಛೆಯಂತೆ ಹೆಸರು ಹಾಕಿಲ್ಲ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿರುವ ಅತ್ತೆಯವರನ್ನು 3 ವರ್ಷಗಳಿಂದ ನೋಡಿಕೊಳ್ಳುತ್ತಿರುವ ಕಾರಣ ಭಾನುವಾರ ಶಾಲೆಯ ಪಾಠವನ್ನೂ ಗಾಯನ ತಂಡವನ್ನೂ ಬಿಡಬೇಕಾಯಿತೆಂದೂ, ಸುಗ್ಗಿ ಹಬ್ಬದ ಆರಾಧನೆಯಲ್ಲಿ ಫಲಕೊಡದ ಅಂಜೂರದ ಮರದ ಪ್ರಸಂಗ ಕೇಳಿದಂದಿನಿಂದ ‘ಕಡಿದುಹಾಕಬೇಕಾದ ಮರ ನಾನೇ ಇರಬಹುದೇ’ ಎಂಬ ಅಂಜಿಕೆ ಹುಟ್ಟಿದೆಯೆಂದೂ ಬರೆದಿದ್ದೀರಿ.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿರುವ ಆ ಸಾಮ್ಯ ‘ಕಡಿದುಹಾಕು’ ಎಂಬ 7ನೆಯ ವಚನಕ್ಕೆ ಮುಗಿಯುವುದಿಲ್ಲ. ಮುಂದಿನ ವಚನದಲ್ಲಿ ತೋಟಗಾರನು ಇನ್ನೊಂದು ವರ್ಷದ ಅವಕಾಶ ಬೇಡಿಕೊಂಡು, ಸುತ್ತಲೂ ಅಗೆದು ಗೊಬ್ಬರ ಹಾಕುವ ಹೊಣೆಯನ್ನು ತಾನೇ ಹೊರುತ್ತಾನೆ. ಆ ಬಳಿಕ ಬರುವ ಎಚ್ಚರಿಕೆಯನ್ನು ನಾನು ತೇಲಿಸಿಬಿಡುವುದಿಲ್ಲ. ಆದರೆ ಅದು ದೇವರ ಕಡೆಗೆ ತಿರುಗಿಕೊಳ್ಳಲು ಒಪ್ಪದವರಿಗೆ ಹೇಳಿದ ಮಾತು, ನಿಮ್ಮ ಹಾಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ತಮ್ಮನ್ನೇ ಪರೀಕ್ಷಿಸಿಕೊಳ್ಳುವವರಿಗಲ್ಲ.

ನಿಮ್ಮೂರಿನ ಸುತ್ತ ದ್ರಾಕ್ಷಿ ತೋಟಗಳಿರುವುದರಿಂದ ಕರ್ತನಾದ ಯೇಸು ತನ್ನನ್ನು ದ್ರಾಕ್ಷಿ ಬಳ್ಳಿಗೂ ಶಿಷ್ಯರನ್ನು ಅದರ ಕೊಂಬೆಗಳಿಗೂ ಹೋಲಿಸಿದ ಯೋಹಾನ 15ನೆಯ ಅಧ್ಯಾಯವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕೊಂಬೆಗಳನ್ನು ಕತ್ತರಿಸುವ ಕೆಲಸ, ಮುಗಿದ ಮೇಲೆ, ಸುಡುವ ಬಿಸಿಲಿನಲ್ಲಿ, ತೋಟವೆಲ್ಲ ಬೋಳಾಗಿ ಬರೀ ಕಡ್ಡಿಗಳು ನಿಂತಿರುತ್ತವೆ. ಆಮೇಲೆ ಒಡೆಯುವ ಹೊಸ ಚಿಗುರಿನ ಕಣ್ಣುಗಳೊಳಗೆ, ಸುಮಾರು 2 ತಿಂಗಳೊಳಗಾಗಿ, ಮುಂದಿನ ಗೊಂಚಲು ರೂಪುಗೊಂಡಿರುತ್ತದೆ. ಹೊರಗಿನಿಂದ ನೋಡಿದರೆ ಬರೀ ಎಲೆ. ಅಕ್ಟೋಬರ್ ಚಾಟ್ನಿಯ ನಂತರವೇ ಆ ಗೊಂಚಲು ಹೊರಗೆ ಬಂದು ಹೂವಾಗಿ, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಣ್ಣಾಗುತ್ತದೆ. ಜೂನ್ ತಿಂಗಳಿನಲ್ಲಿ ತೋಟಕ್ಕೆ ಬಂದು ಹಣ್ಣಿಲ್ಲವೆಂದು ಬಳ್ಳಿಯನ್ನು ದೂರುವವರನ್ನು ನಿಮ್ಮೂರಿನ ರೈತರು ಏನೆಂದುಕೊಂಡಾರು?

ಇಲ್ಲಿ ಒಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕಾಗಿದೆ. ‘ಅತ್ತೆಯವರ ಕಾಯಿಲೆಯೇ ದೇವರು ನಿಮಗೆ ಮಾಡಿದ ಚಾಟ್ನಿ’ ಎಂದು ಯಾರಾದರೂ ಸಮಾಧಾನ ಹೇಳಿದ್ದರೆ ಅದನ್ನು ಒಪ್ಪಿಕೊಳ್ಳಬೇಡಿ. ಫಲಕೊಡುವ ಕೊಂಬೆಯನ್ನು ತಂದೆಯು ಶುದ್ಧಿಮಾಡುತ್ತಾನೆ ಎಂದ ಕರ್ತನು, ಶಿಷ್ಯರು ತಾನು ಹೇಳಿದ ವಾಕ್ಯದಿಂದ ಶುದ್ಧರಾಗಿದ್ದಾರೆಂದು ಮುಂದಿನ ವಚನದಲ್ಲೇ ಹೇಳಿದ್ದಾನೆ. ಅಲ್ಲಿ ಶುದ್ಧಿಮಾಡುವುದು ವಾಕ್ಯ. ಒಬ್ಬ ವೃದ್ಧೆಯ ನರಳಾಟವನ್ನು ಇನ್ನೊಬ್ಬರ ಆತ್ಮಿಕ ಬೆಳವಣಿಗೆಯ ಸಾಧನವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಅಧ್ಯಾಯದ 4ರಿಂದ 10ನೆಯ ವಚನಗಳೊಳಗೆ ‘ನೆಲೆಗೊಂಡಿರು’ ಎಂಬ ಅರ್ಥದ ಗ್ರೀಕ್ ಪದ 10 ಸಲ ಬರುತ್ತದೆ. ಕೊಂಬೆಗೆ ಕೊಟ್ಟಿರುವ ಕೆಲಸ ಅದೊಂದೇ.

ನಿಮ್ಮ ಪತ್ರದ ಕೊನೆಯಲ್ಲಿ, ನಾಚಿಕೆಯಿಂದ ಎಂಬಂತೆ, ಒಂದು ಸಂಗತಿ ಬರೆದಿದ್ದೀರಿ. ಹಾಸಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೆ ಎದ್ದು ಅತ್ತೆಯವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತೀರಿ. ಒಂದು ರಾತ್ರಿ ಅವರು ಗಂಜಿಯನ್ನು ಉಗುಳಿದಾಗ ಸಿಟ್ಟಿನಿಂದ ಚಮಚವನ್ನು ತಟ್ಟೆಗೆ ಕುಕ್ಕಿದಿರಿ. ಬೆಳಿಗ್ಗೆ ಅವರ ಕೈ ಹಿಡಿದು ಕ್ಷಮೆ ಕೇಳಿದಿರಿ. ಮಾತು ಬಾರದ ಅವರು ನಿಮ್ಮ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಗಲಾತ್ಯದವರಿಗೆ ಬರೆಯುವಾಗ ಪೌಲನು ಶರೀರಭಾವದ ‘ಕರ್ಮಗಳು’ ಎಂದು ಬಹುವಚನದಲ್ಲಿಯೂ ಆತ್ಮನ ‘ಫಲ’ ಎಂದು ಏಕವಚನದಲ್ಲಿಯೂ ಬರೆದನು. ಅವನು ಎಣಿಸಿದ 9 ಗುಣಗಳಲ್ಲಿ ದೀರ್ಘಶಾಂತಿ, ದಯೆ, ಸಾಧುತ್ವಗಳಿವೆ. ಭಾನುವಾರ ಶಾಲೆಯಾಗಲಿ ಗಾಯನ ತಂಡವಾಗಲಿ ಆ ಪಟ್ಟಿಯಲ್ಲಿಲ್ಲ, ಅವೆರಡೂ ಒಳ್ಳೆಯವೇ ಆದರೂ. ಸೊಸೆಯೊಬ್ಬಳು ತನ್ನನ್ನು ಎದುರಿಸಿ ಮಾತಾಡಲಾರದ ಅತ್ತೆಯ ಬಳಿ ಕ್ಷಮೆ ಕೇಳುವುದು ಸಾಧುತ್ವವಲ್ಲದೆ ಮತ್ತೇನು? ಹಣ್ಣನ್ನು ಹೊತ್ತ ಕೊಂಬೆ ಅದನ್ನು ತಿನ್ನುವುದಿಲ್ಲ. ಅದರ ರುಚಿ ಅತ್ತೆಯವರಿಗೆ ಗೊತ್ತಾಗಿದೆ.

ಇದೆಲ್ಲವನ್ನು ಹೇಳಿ, ನಿಮ್ಮನ್ನು ಒಂಟಿಯಾಗಿ ದುಡಿಯಲು ಬಿಟ್ಟರೆ ನಾನು ತಪ್ಪು ಮಾಡಿದಂತಾಗುತ್ತದೆ. ಈ ಪುಟವನ್ನು ನಿಮ್ಮ ಸಭೆಯ ಮಹಿಳಾ ಕೂಟದವರಿಗೆ ತೋರಿಸಿ. ವಾರಕ್ಕೆ 2 ರಾತ್ರಿ ಯಾರಾದರೂ ಸರದಿಯ ಮೇಲೆ ಬಂದು ಅತ್ತೆಯವರ ಬಳಿ ಮಲಗಿದರೆ ನೀವು ನಿದ್ದೆ ಮಾಡಬಹುದು. ಫಲದ ವಿಷಯ ಪ್ರಸಂಗ ಕೇಳಿದ ಸಭೆಗೆ ಇದು ದೊಡ್ಡ ಭಾರವಲ್ಲ. ನಿಮ್ಮ ಪತಿಯವರೂ ಆ ಸರದಿಯಲ್ಲಿ ಸೇರಲಿ, ಮಲಗಿರುವುದು ಅವರ ತಾಯಿ. ಸಭಾಪಾಲಕರನ್ನು ಕರೆದು, ಕರ್ತನ ಭೋಜನವನ್ನು ಮನೆಗೇ ತರುವಂತೆ ಕೇಳಿಕೊಳ್ಳಿ. ನುಂಗುವುದು ಕಷ್ಟವಾದರೆ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ, ನೀವೇ ಅತ್ತೆಯವರ ತುಟಿಗೆ ಮುಟ್ಟಿಸಿ, ಆಮೇಲೆ ನೀವೂ ತೆಗೆದುಕೊಳ್ಳಿ.

ಸಂಪಾದಕ