ಪಕ್ಕದ ಮನೆ ಹಂಡೆ ಹೊಗೆಗೆ ಕಾನೂನು ಇದೆಯಾ?

ಪ್ರಶ್ನೆ: ನಮ್ಮದು ಮಂಡ್ಯದಲ್ಲಿ 30-40 ಸೈಟಿನ ಮನೆ. ಪಕ್ಕದವರು ಕಾಂಪೌಂಡಿಗೆ ಒತ್ತಿ ತಗಡಿನ ಶೆಡ್ ಹಾಕಿ ಹಂಡೆ ಒಲೆ ಇಟ್ಟಿದ್ದಾರೆ. ಬೆಳಗ್ಗೆ ಐದಕ್ಕೆ ಹಚ್ಚಿದರೆ ಎಂಟರವರೆಗೂ ಹೊಗೆ. ಹೊಗೆ ಪೈಪು ನಮ್ಮ ರೂಮಿನ ಕಿಟಕಿಗೆ ನೇರ. ಅತ್ತೆಗೆ ಉಬ್ಬಸ. ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ನನ್ನ ತಮ್ಮ, ಅಲ್ಲಿ ಮನೆಯಾಚೆ ಸೌದೆ ಬಾಯ್ಲರ್ ಇಡೋಕೂ ಕಾನೂನಿದೆ ಅಂತಾನೆ. ನಮ್ಮಲ್ಲಿ ಯಾರಿಗೆ ದೂರು ಕೊಡಬೇಕು?
– ಓದುಗರು, ಮಂಡ್ಯ

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ ತಾಯಿ. ಅಲ್ಲಿನದು ನಮ್ಮಂಥ ಹಂಡೆಯಲ್ಲ. ಹಿತ್ತಲಲ್ಲಿ ದೊಡ್ಡ ಬಾಯ್ಲರ್ ಇಟ್ಟು, ಸೌದೆ ಉರಿಸಿ, ಬಿಸಿನೀರನ್ನು ನೆಲದಡಿಯ ಪೈಪಿನಲ್ಲಿ ಕಳಿಸಿ ಇಡೀ ಮನೆ ಬೆಚ್ಚಗಿಡುತ್ತಾರೆ. ಕನೆಕ್ಟಿಕಟ್ 2005ರಲ್ಲೇ ಇದಕ್ಕೆ ಕಾನೂನು ಮಾಡಿತು. ಹೊಸ ಬಾಯ್ಲರ್ ನೆರೆಮನೆಯಿಂದ 200 ಅಡಿ ದೂರ ಇರಬೇಕು. 500 ಅಡಿಯೊಳಗೆ ಮನೆ ಇದ್ದರೆ ಚಿಮಣಿ ಆ ಮನೆಯ ಸೂರಿಗಿಂತ ಎತ್ತರ ಇರಬೇಕು. ರಾಸಾಯನಿಕ ಬಳಿದ ಮರ ಹಾಕುವ ಹಾಗಿಲ್ಲ. 2015ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ಹೊಸ ಬಾಯ್ಲರ್‌ಗಳ ಹೊಗೆಗೆ ಮಿತಿ ಹಾಕಿತು, 2020ರಲ್ಲಿ ಇನ್ನೂ ಬಿಗಿ ಮಾಡಿತು.

ಆ 200 ಅಡಿ ನಿಯಮ ನಮ್ಮ ಬಡಾವಣೆಗೆ ತಂದರೆ, ನಿಮ್ಮ ಪಕ್ಕದವರು ಆರು ಸೈಟು ದಾಟಿ ಏಳನೇ ಮನೆಯವರ ಹಿತ್ತಲಲ್ಲಿ ಒಲೆ ಹಚ್ಚಬೇಕಾಗುತ್ತೆ! ಆದರೆ ಚಿಮಣಿ ಎತ್ತರದ ಮಾತು ನಮಗೂ ಸರಿಯಾಗಿ ಹೊಂದುತ್ತೆ.

ಹಂಡೆ ಒಲೆ ಯಾಕೆ ಅಷ್ಟು ಹೊಗೆ ಬಿಡುತ್ತೆ ಗೊತ್ತಾ? ಉರಿ ಮೇಲೇಳುತ್ತಿದ್ದ ಹಾಗೇ ತಣ್ಣೀರಿನ ಹಂಡೆಯ ತಳಕ್ಕೆ ಬಡಿಯುತ್ತೆ. ಪೂರ್ತಿ ಉರಿಯೋಕೆ ಮುಂಚೆಯೇ ತಣ್ಣಗಾಗಿ ಮಸಿ, ಹೊಗೆ ಆಗುತ್ತೆ. ಅದರ ಮೇಲೆ ಹಸಿ ತೆಂಗಿನ ಮಟ್ಟೆ. ಜೊತೆಗೆ ಒಲೆ ಬಾಯಿ ತುಂಬಾ ಸೌದೆ ತುರುಕಿ, ‘ತಾನಾಗೇ ಉರಿಯಲಿ’ ಅಂತ ಹಾಲು ತರೋಕೆ ಹೋಗಿಬಿಡುವುದು. ಗಾಳಿ ಆಡದೆ ಅದು ಉರಿಯುವುದಿಲ್ಲ, ಬರೀ ಕುಮುಲುತ್ತೆ. ಧನುರ್ಮಾಸದ ಬೆಳಗ್ಗೆ ತಂಪು ಗಾಳಿ ನೆಲದ ಹತ್ತಿರವೇ ಕೂತಿರುತ್ತೆ ನೋಡಿ, ಆಗ ಹೊಗೆಗೆ ಮೇಲೆ ಹೋಗೋಕೆ ದಾರಿ ಇರುವುದಿಲ್ಲ.

ನಾನು ಆರೋಗ್ಯ ನಿರೀಕ್ಷಕನಾಗಿದ್ದಾಗ ಇಂಥ ದೂರು ಎಷ್ಟೋ ಬಂದಿವೆ. ಸ್ಥಳಕ್ಕೆ ಹೋಗುವಷ್ಟರಲ್ಲಿ ಒಲೆ ಆರಿರುತ್ತೆ. ಕಾಂಪೌಂಡಿನ ಆಚೆ ಈಚೆ ನಿಂತವರು ಹೊಗೆಯ ಮಾತು ಬಿಟ್ಟು ಹಳೇ ನಲ್ಲಿ ನೀರಿನ ಜಗಳ ತೆಗೆಯುತ್ತಾರೆ. ಅದಕ್ಕೇ ಹೇಳ್ತೀನಿ, ಅರ್ಜಿಗಿಂತ ಮುಂಚೆ ಪೈಪಿನ ಮಾತಾಡಿ. ತಗಡಿನ ಪೈಪನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಮನೆಯ ತಾರಸಿಗಿಂತ ಮೇಲೆ ಒಯ್ಯಲಿ. ತಿರುವು ಕಮ್ಮಿ ಇದ್ದಷ್ಟೂ ಒಳ್ಳೇದು. ಪಿವಿಸಿ ಪೈಪು ಬೇಡವೇ ಬೇಡ, ಕರಗುತ್ತೆ. ಒಲೆಯ ತಳಕ್ಕೆ ಕಬ್ಬಿಣದ ಜಾಲರಿ ಇಟ್ಟರೆ ಕೆಳಗಿಂದ ಗಾಳಿ ಬರುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆಯಲ್ಲೂ ಜಾಲರಿ, ಚಿಮಣಿ ಎರಡೂ ಇದ್ದವು. ಬೇಕಾದರೆ ಪೈಪಿನ ಖರ್ಚಲ್ಲಿ ಅರ್ಧ ನೀವೇ ಕೊಡಿ. ‘ಸೋಲಾರ್ ಹಾಕಿಸಿ’ ಅಂತ ಮಾತ್ರ ಬುದ್ಧಿ ಹೇಳಬೇಡಿ. ತೋಟದ ಮಟ್ಟೆ ಪುಕ್ಕಟೆ ಸಿಗುವವರು ಕೇಳುವುದಿಲ್ಲ, ಮಾತೂ ಕೆಡುತ್ತೆ.

ಇಷ್ಟಕ್ಕೂ ಬಗ್ಗದಿದ್ದರೆ ಕಾನೂನು ಇದ್ದೇ ಇದೆ. ಮನೆ ಹಂಡೆಗೆ ಲೈಸೆನ್ಸ್ ಅಂತೇನೂ ಬೇಕಿಲ್ಲ. ಹಾಗಾಗಿ ನೀವು ದೂರು ಕೊಡುವುದು ಒಲೆ ಮೇಲಲ್ಲ, ಹೊಗೆ ಮೇಲೆ. ಮೊದಲು ನಗರಸಭೆಯ ಆರೋಗ್ಯ ಶಾಖೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಗೆ ಬರುವಾಗಿನ ಫೋಟೊ, ಅತ್ತೆಯವರ ಡಾಕ್ಟರ್ ಚೀಟಿ ಜೊತೆಗಿರಲಿ. ಆಮೇಲೆ ಉಪವಿಭಾಗಾಧಿಕಾರಿ, ಅಂದರೆ ಎಸಿ ಅವರ ಕಚೇರಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಲ್ಲಿ 133 ಅಂತಿದ್ದದ್ದು ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ 152ನೇ ಕಲಂ. ಅದರಡಿ ಅವರು ತೊಂದರೆ ನಿಲ್ಲಿಸಿ ಅಂತ ಆದೇಶ ಕೊಡಬಹುದು. ಬೇಕರಿಯೊಂದರ ಹೊಗೆ ಜನರಿಗೆ ತೊಂದರೆ ಕೊಡುತ್ತಿದೆ ಅಂತ ಅದರ ಒಲೆ, ಚಿಮಣಿ ತೆಗೆಸಿದ ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಗೋವಿಂದ ಸಿಂಗ್ ವಿರುದ್ಧ ಶಾಂತಿ ಸರೂಪ್ ಅಂತ ಆ ಕೇಸಿನ ಹೆಸರು. ವಕೀಲರನ್ನು ಕೇಳಿದರೆ ತೆಗೆದು ತೋರಿಸುತ್ತಾರೆ.

ಒಂದು ವಿಷಯ ನೆನಪಿರಲಿ. 152 ಇರುವುದು ಸಾರ್ವಜನಿಕರ ತೊಂದರೆಗೆ. ಹಿಂದಿನ ಮನೆ, ಎದುರು ಮನೆಯವರ ಸಹಿಯೂ ಇರಲಿ. ನಿಮ್ಮೊಬ್ಬರ ಮನೆಗಷ್ಟೇ ಅಂದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಕೇಸು ಮುಗಿಯುವ ಹೊತ್ತಿಗೆ ಅವರೇ ಗೀಸರ್ ಹಾಕಿಸಿಕೊಂಡಿರುತ್ತಾರೆ, ಅಲ್ವಾ?

ಪ್ರಶ್ನೆ: ಹಂಡೆ ಒಲೆ ಬೇಗ ಹೊತ್ತಲಿ ಅಂತ ಹಾಲಿನ ಕವರ್, ಹಳೇ ಚಪ್ಪಲಿ ಹಾಕ್ತೀವಿ. ತಪ್ಪಾ?
– ಓದುಗರು, ಮದ್ದೂರು

ಉತ್ತರ: ತಪ್ಪೇ. ಪಿವಿಸಿ ಚಪ್ಪಲಿ ಸುಟ್ಟರೆ ಆಮ್ಲದ ಹೊಗೆ ಬರುತ್ತೆ, ಡಯಾಕ್ಸಿನ್ ಅನ್ನುವ ವಿಷವೂ ಸೇರುತ್ತೆ. ಅದನ್ನು ಮೊದಲು ಕುಡಿಯುವವರು ಒಲೆ ಮುಂದೆ ಕೂತ ನೀವೇ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಒಲೆಯೊಳಗೆ ಸುಟ್ಟರೆ ಹೊಗೆಯ ವಿಷವೇನೂ ಕಮ್ಮಿ ಆಗಲ್ಲ. ಒಣಗಿದ ತೆಂಗಿನ ಗರಿ, ನಾಲ್ಕು ಚಿಪ್ಪು ಸಾಕು. ಹಾಲಿನ ಕವರ್ ತೊಳೆದು ಒಣಗಿಸಿ ಗುಜರಿಯವರಿಗೆ ಹಾಕಿ.