ಬಲೆ ಹೊಲಿಯುವ ಅಪ್ಪನಿಂದ ಶುರು ಮಾಡಿ

ನಮಸ್ಕಾರ. ಕಾರವಾರದಿಂದ ನೀವು ಕಳಿಸಿದ ‘ನಮ್ಮೊಳಗಿನ ಕಾವಲುಗಾರರು’ ಲೇಖನವನ್ನು ಎರಡು ಸಲ ಓದಿದೆ. ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೆದು ಗಡ್ಡೆಯಾಗದಂತೆ ತಡೆಯುವ ಪ್ರೋಟೀನ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಇದು ಅಚ್ಚಾಗಬೇಕು ಅಂತ ನನಗೂ ಆಸೆ. ಆದರೆ ಈಗ ಇರುವ ಹಾಗೆ ಹಾಕಲಾರೆ.

ಒಂದೇ ಪುಟದಲ್ಲಿ ಪಿ16, ಪಿ21, ಪಿ27, ಪಿ53, ಆರ್‌ಬಿ ಎಂಬ ಪ್ರೋಟೀನ್‌ಗಳೆಲ್ಲವೂ ಬಂದು ಹೋಗುತ್ತವೆ. ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪಿ53, ಪಿ21 ಎರಡನ್ನೇ ಇಟ್ಟುಕೊಳ್ಳಿ, ಸಾಕು.

ಒಂದು ತಪ್ಪೂ ಇದೆ. ‘ಪಿ53 ಹೋಗಿ ಕೋಶವನ್ನು ವಿಭಜನೆಗೆ ತಳ್ಳುವ ಸಿಡಿಕೆ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ’ ಎಂದು ಬರೆದಿದ್ದೀರಿ. ಹಾಗಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಕೋಶದಲ್ಲಿ ಪಿ53 ಜಾಸ್ತಿಯಾಗುತ್ತದೆ. ಅದು ಪಿ21ರ ಜೀನನ್ನು ಚಾಲೂ ಮಾಡುತ್ತದೆ. ಹಾಗೆ ತಯಾರಾದ ಪಿ21 ಹೋಗಿ ಸೈಕ್ಲಿನ್ ಎಂಬ ಪ್ರೋಟೀನ್ ಮತ್ತು ಸಿಡಿಕೆಯ ಜೋಡಿಗೆ ಅಂಟಿಕೊಂಡು ಅದರ ಕೆಲಸ ತಡೆಯುತ್ತದೆ. ಡಿಎನ್‌ಎ ನಕಲು ಮಾಡಲು ಹೊರಟಿದ್ದ ಕೋಶ ಅಲ್ಲೇ ನಿಲ್ಲುತ್ತದೆ. ಒಬ್ಬರು ಹೇಳುವುದು, ಇನ್ನೊಬ್ಬರು ಮಾಡುವುದು. ಸೊಗಸೇ ಅಲ್ಲಿದೆ, ಅಲ್ವಾ?

ಪಿ53 ಸಿಕ್ಕಿದ್ದು 1979ರಲ್ಲಿ. ಹತ್ತು ವರ್ಷದ ತನಕ ಅದೇ ಕ್ಯಾನ್ಸರ್ ತರಿಸುತ್ತದೆ ಅಂತ ತಿಳಿದಿದ್ದರು. 1989ರ ಹೊತ್ತಿಗೆ ಅದು ತಡೆಯುವ ಪ್ರೋಟೀನ್ ಎಂದು ಗೊತ್ತಾಯಿತು. ಇಷ್ಟು ಒಳ್ಳೆಯ ಕಥೆ ಬಿಡಬಾರದು.

ಇನ್ನು ಪಿ53ಕ್ಕೆ ನೀವು ಕೊಟ್ಟ ‘ಬ್ರೇಕ್’ ಹೋಲಿಕೆ. ಪುಟಕ್ಕೆ ನಾಲ್ಕು ಸಲ ಬಂದಿದೆ. ಬ್ರೇಕ್ ಗಾಡಿ ನಿಲ್ಲಿಸುತ್ತದೆ, ರಿಪೇರಿ ಮಾಡುವುದಿಲ್ಲ. ಪಿ53 ನಿಲ್ಲಿಸಿದರೆ ಕೋಶಕ್ಕೆ ರಿಪೇರಿಗೆ ಸಮಯ ಸಿಗುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಆ ಕೋಶವನ್ನು ಸಾವಿಗೆ ದೂಡುವುದೂ ಅದೇ.

ಸರಿಯಾದ ಹೋಲಿಕೆ ನಿಮ್ಮ ಕೊನೆಯ ಪುಟದಲ್ಲೇ ಇದೆ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಮಳೆಗಾಲದಲ್ಲಿ ಅಪ್ಪ ಜಗಲಿಯಲ್ಲಿ ಕೂತು, ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು, ಹರಿದ ಕಣ್ಣು ಹುಡುಕಿ ಹೊಲಿಯುತ್ತಾರೆ, ತೀರಾ ಹಾಳಾದದ್ದನ್ನು ಎಸೆಯುತ್ತಾರೆ ಅಂದಿದ್ದೀರಿ. ಒಂದೇ ಸಾಲು! ಅದನ್ನು ಮೊದಲಿಗೆ ತನ್ನಿ. ಅಲ್ಲಿಂದ ಪಿ53ಕ್ಕೆ ಬನ್ನಿ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಅದರ ಜೀನೇ ಕೆಟ್ಟಿರುತ್ತದೆ. ಆಗ ನಿಲ್ಲು ಎನ್ನುವವರಿಲ್ಲ, ಹರಿದ ಡಿಎನ್‌ಎ ಹಾಗೇ ನಕಲಾಗಿ ಮರಿಕೋಶಗಳಿಗೂ ಹೋಗುತ್ತದೆ.

ಬರೆಯುವ ಮೊದಲು ಅಪ್ಪನ ಪಕ್ಕ ಒಂದು ಮಧ್ಯಾಹ್ನ ಕೂತುಕೊಳ್ಳಿ. ಅಷ್ಟು ದೊಡ್ಡ ಬಲೆಯಲ್ಲಿ ಹರಿದ ಕಣ್ಣು ಕೈಗೆ ಹೇಗೆ ಸಿಗುತ್ತದೆ ಅಂತ ಕೇಳಿ. ಆಮೇಲೆ ಕಳಿಸಿ, ಕಾಯುತ್ತೇನೆ.