ಹೊಸ ಕಾರ್ಡ್ ಮಾಡಿಸುವ ಮೊದಲು ಸಂಬಳದ ಚೀಟಿ ನೋಡಿ

ಪ್ರಶ್ನೆ: ನಮ್ಮ ಮನೆ ಹತ್ತಿರದ, ಲೋಹದ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಒಡಿಶಾ, ಬಿಹಾರದ ಹುಡುಗರು ಗುತ್ತಿಗೆ ಮೇಲೆ ದುಡಿಯುತ್ತಾರೆ. ಒಬ್ಬನಿಗೆ ಕೆಲಸ ಮಾಡುವಾಗ ಕೈಗೆ ಪೆಟ್ಟಾಯಿತು. ಆಸ್ಪತ್ರೆ ಖರ್ಚಿಗೆ ಅವನೇ ಸಾಲ ಮಾಡಿದ. ಅವರಿಗೆ ಇಲ್ಲಿ ರೇಷನ್ನೂ ಸಿಗುತ್ತಿಲ್ಲ. ಎಲ್ಲರಿಗೂ ಇ-ಶ್ರಮ್ ಕಾರ್ಡ್ ಮಾಡಿಸಲು ಶಿಬಿರ ಇಟ್ಟರೆ ಒಳ್ಳೇದು ಅಲ್ವಾ?

ಉತ್ತರ: ಶಿಬಿರಕ್ಕೆ ಅವಸರ ಬೇಡ. ಇ-ಶ್ರಮ್ ಅಂದರೆ ಕೇಂದ್ರ ಸರ್ಕಾರದ ಕಾರ್ಮಿಕ ನೋಂದಣಿ. ಅದು ಇರುವುದು ಇಎಸ್‌ಐ (ಕಾಯಿಲೆ, ಕೆಲಸದ ಅಪಘಾತಕ್ಕೆ ನೆರವಾಗುವ ನೌಕರರ ವಿಮೆ), ಪಿಎಫ್ (ಭವಿಷ್ಯ ನಿಧಿ) ಇಲ್ಲದ ಅಸಂಘಟಿತ ಕಾರ್ಮಿಕರಿಗೆ. ಫೌಂಡ್ರಿಯಲ್ಲಿ 10 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಸಿಗಲೇಬೇಕು. ಗುತ್ತಿಗೆ ಹುಡುಗರಿಗೂ ಅಷ್ಟೇ.

ಮೊದಲು ಅವರ ಸಂಬಳದ ಚೀಟಿ ಕೇಳಿ. ಅದರಲ್ಲಿ ಇಎಸ್‌ಐಗೆ ಶೇ 0.75 ಕಡಿತ ಕಂಡರೆ, ಅವರ ಹೆಸರಲ್ಲಿ 10 ಅಂಕಿಯ ವಿಮಾ ನಂಬರ್ ಇರಬೇಕು. ಎಷ್ಟೋ ಕಡೆ ಗುತ್ತಿಗೆದಾರ ತನ್ನದೇ ಮೊಬೈಲ್ ಕೊಟ್ಟು ನೋಂದಣಿ ಮಾಡಿಸಿರುತ್ತಾನೆ. ಮೆಸೇಜೆಲ್ಲ ಅವನಿಗೇ ಹೋಗುತ್ತದೆ, ಹುಡುಗನಿಗೆ ಏನೂ ಗೊತ್ತಿರುವುದಿಲ್ಲ. ಇಎಸ್‌ಐ ಕಚೇರಿಗೆ ಹೋಗಿ ಆ ಮೊಬೈಲ್ ನಂಬರ್ ಬದಲಿಸಿಕೊಳ್ಳಲಿ. ಗುತ್ತಿಗೆದಾರ ಬದಲಾದರೂ ವಿಮಾ ನಂಬರ್ ಅದೇ ಇರಬೇಕು. ಹೊಸ ಗುತ್ತಿಗೆದಾರ ಸುಮ್ನೆ ಹೊಸ ನಂಬರ್ ಮಾಡಿಸಿದರೆ ಹಳೆಯ ದಿನಗಳು ಲೆಕ್ಕಕ್ಕೆ ಸಿಗುವುದು ಕಷ್ಟ. ಕಾಯಿಲೆ ರಜೆಯ ಹಣಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬೇಕು.

ಕೆಲಸದಲ್ಲಿ ಆದ ಪೆಟ್ಟಿಗೆ ಆ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಆದರೂ ರಕ್ಷಣೆ ಇದೆ. ಕೈಗೆ ಪೆಟ್ಟಾದವನ ಆಸ್ಪತ್ರೆ ಚೀಟಿಗಳನ್ನೆಲ್ಲ ಜೋಡಿಸಿ, ಹತ್ತಿರದ ಇಎಸ್‌ಐ ಶಾಖೆಗೆ ಅರ್ಜಿ ಕೊಡಿಸಿ. ಅಪಘಾತದ ವರದಿ ಕಳುಹಿಸಿದ್ದಾರಾ ಅಂತ ಫ್ಯಾಕ್ಟರಿಯವರನ್ನೂ ಕೇಳಿ. 'ಅದೆಲ್ಲ ಕಂಟ್ರಾಕ್ಟರ್ ನೋಡ್ಕೊಳ್ತಾನೆ' ಅಂದರೆ ಒಪ್ಪಬೇಡಿ. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಮುಖ್ಯ ಮಾಲೀಕನೇ ಕಟ್ಟಬೇಕು. ನನ್ನ ಪ್ರಕಾರ ನಿಮ್ಮ ಶ್ರಮ ಜಾಸ್ತಿ ಹೋಗಬೇಕಾದ್ದು ಇಲ್ಲಿಗೇ.

ರೇಷನ್ ಇಷ್ಟು ಕಷ್ಟವಿಲ್ಲ. 2022ರಿಂದ ಎಲ್ಲ ರಾಜ್ಯಗಳಲ್ಲೂ 'ಒಂದು ದೇಶ, ಒಂದು ರೇಷನ್ ಕಾರ್ಡ್' ಜಾರಿಯಲ್ಲಿದೆ. ಊರಿನ ಕಾರ್ಡ್ ನಂಬರ್ ಹೇಳಿ ಬೆರಳಚ್ಚು ಕೊಟ್ಟರೆ ಸಾಕು. ತಮ್ಮ ಪಾಲನ್ನು ಇಲ್ಲಿ ತೆಗೆದುಕೊಂಡರೆ, ಉಳಿದದ್ದನ್ನು ಮನೆಯವರು ಊರಲ್ಲೇ ಪಡೆಯಬಹುದು. ಆದರೆ ಅದು ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡ್ ಆಗಿರಬೇಕು, ಹುಡುಗನ ಹೆಸರು ಆಧಾರ್‌ಗೆ ಜೋಡಣೆ ಆಗಿರಬೇಕು. ಮರಳಿನ ಅಚ್ಚು ಹಾಕುವವರ ಬೆರಳ ಗೆರೆ ಸವೆದು ಯಂತ್ರ ಗುರುತಿಸದೇ ಇರಬಹುದು. ಆಗ ಬೇರೆ ಬೆರಳು ಇಡಿಸಿ, ಕಣ್ಣಿನ ಸ್ಕ್ಯಾನರ್ ಇದ್ದರೆ ಕೇಳಿ. ಅಂಗಡಿಯವರು 'ಇದು ಇಲ್ಲಿನ ಕಾರ್ಡ್ ಅಲ್ಲ' ಅಂತ ವಾಪಸ್ ಕಳಿಸುವುದೂ ಉಂಟು. ಮೊದಲ ಸಲ ನೀವೂ ಜೊತೆಗೆ ಹೋಗಿ.

ಇಷ್ಟಾದ ಮೇಲೂ ಇಎಸ್‌ಐ, ಪಿಎಫ್ ವ್ಯಾಪ್ತಿಗೆ ಬಾರದವರು ಯಾರಾದರೂ ಉಳಿದರೆ, ವಯಸ್ಸು 16ರಿಂದ 59 ಇದ್ದರೆ, ಅವರಿಗೆ ಇ-ಶ್ರಮ್ ಮಾಡಿಸಿ.